ಕೇಳಿಸುತ್ತಿಲ್ಲ

ಕಾಯಿ ಕಿತ್ತ ಹಾಗೆ ಕೈ ಮಾಡಿದರೆ ಸರ್ಕಾರದ ಪರ. ಮಲಗಿದವನನ್ನು ತಟ್ಟಿ ಎಬ್ಬಿಸಿದ ಹಾಗೆ ಮಾಡಿದರೆ ಚೌಕದಲ್ಲಿ ಕೂತವರ ಪರ. ಎರಡೂ ಅಲ್ಲದ ಮೂರನೆಯ ಸಂಜ್ಞೆಯೊಂದು ಅವಳಿಗೆ ಬೇಕಾಗಿತ್ತು. ಹಲ್ಲುಜ್ಜಿದ ನೊರೆ ಇನ್ನೂ ತುಟಿಯಲ್ಲಿರುವಾಗಲೇ ಬಚ್ಚಲಿನ ಕನ್ನಡಿಯ ಮುಂದೆ ನಿಂತು ಗಾಳಿಯಲ್ಲಿ ಕೈಯಾಡಿಸಿ ನೋಡುತ್ತಿದ್ದಳು. ಕೈಯಲ್ಲಿ ಹೇಳಬೇಕಾದದ್ದು ಇಷ್ಟೇ: ಅವಧಿಗೆ ಮುನ್ನ ಚುನಾವಣೆ. ಬಾಯಲ್ಲಿ ಹೇಳುವವರಿಗೇನು, ಹೇಳಿ ಕೈತೊಳೆದುಕೊಳ್ಳುತ್ತಾರೆ. ಕೈಯಲ್ಲೇ ಹೇಳಬೇಕಾದವಳು ಮಾತ್ರ ಹೇಳಿ ಮುಗಿಸುವ ಮೊದಲೇ ಯಾವುದೋ ಒಂದು ಕಡೆಗೆ ಸೇರಿಬಿಟ್ಟಿರುತ್ತಾಳೆ.

ಕೊನೆಗೆ ಎರಡು ಬೆರಳಿನಿಂದ ತಾರೀಖೊಂದನ್ನು ಚಿವುಟಿ, ದೂರದಿಂದ ಹತ್ತಿರಕ್ಕೆ ತಂದಿಟ್ಟಳು. ಒಣ ಸಂಜ್ಞೆ. ಕಚೇರಿಯ ಕಡತದ ವಾಸನೆ ಇತ್ತು ಅದಕ್ಕೆ. ಯಾರಿಗೂ ನೋಯುವುದಿಲ್ಲ. ಇದೇ ಸರಿ ಎನ್ನಿಸಿತು.

ಕನ್ನಡಿಯಲ್ಲಿ ಅಪ್ಪ ಕಂಡ. ಎಷ್ಟು ಹೊತ್ತಿನಿಂದ ಬಾಗಿಲಿಗೆ ಒರಗಿ ನಿಂತಿದ್ದನೋ. ಪುಸ್ತಕ ಹೊಲಿದೂ ಹೊಲಿದೂ ಸೊಟ್ಟಗಾದ ಬೆರಳುಗಳನ್ನು ಎತ್ತಿ ಕನ್ನಡಿಯೊಳಗಿನ ಅವಳಿಗೇ ಹೇಳಿದ:

"ಕಾಯಿ ಯಾವುದು, ಹಣ್ಣು ಯಾವುದು, ನಿಂಗೆ ಗೊತ್ತಾಗಲ್ಲ ಅಲ್ವಾ?"

"ಹಣ್ಣು ಮಾರೋದು ನನ್ನ ಕೆಲಸ ಅಲ್ಲಪ್ಪ."

"ಮತ್ತೇನು ನಿನ್ನ ಕೆಲಸ?"

"ಅವರು ಹೇಳಿದ್ದನ್ನ ಹೇಳೋದು."

"ಎಲ್ಲಾನೂ?"

"ಎಲ್ಲಾನೂ," ಎಂದಳು. ಎಂದವಳೇ ಬಾಯಿ ಮುಕ್ಕಳಿಸಲು ಬಗ್ಗಿದಳು. ಕಿವುಡನೊಬ್ಬನ ಎದುರು ಮಾತು ತಪ್ಪಿಸಿಕೊಳ್ಳುವುದು ಬಹಳ ಸುಲಭ. ಬೆನ್ನು ತೋರಿಸಿದರೆ ಸಾಕು. ಚಿಕ್ಕಂದಿನಲ್ಲೇ ಕಲಿತಿದ್ದಳು.

ಅಪ್ಪ ಹುಟ್ಟುಕಿವುಡ. ತೀರಿಹೋದ ಅಮ್ಮನೂ ಹಾಗೇ. ಅವರಿಬ್ಬರಿಗೆ ಕಿವಿಯಿರುವ ಮಗಳು ಹುಟ್ಟಿದಾಗ ಅಪ್ಪ ಅವಳಿಗಿಟ್ಟ ಸಂಜ್ಞೆಯ ಹೆಸರು, ತೋರುಬೆರಳಿನಿಂದ ಕಿವಿಯ ಹಾಲೆಯನ್ನು ಎರಡು ಸಲ ಮುಟ್ಟುವುದು. ಬಾಗಿಲು ಬಡಿದವರಿಗೆ, ಫೋನು ಮಾಡಿದವರಿಗೆ, ಡಾಕ್ಟರಿಗೆ, ಆ ಮನೆಯಲ್ಲಿ ಅವಳೇ ಕಿವಿ, ಅವಳೇ ಬಾಯಿ. ದೊಡ್ಡವಳಾಗಿ ಭಾಷಾಶಾಸ್ತ್ರ ಓದಿ, ಪ್ರಬಂಧ ಬರೆದು, ಸರ್ಕಾರಿ ಟೀವಿಯಲ್ಲಿ ಸೇರಿದಳು. ಈಗ ದೇಶದ ಕಿವುಡರಿಗೆಲ್ಲ ಅವಳ ಪರಿಚಯವಿದೆ. ಪರದೆಯ ಕೆಳಮೂಲೆಯಲ್ಲೊಂದು ಚೌಕಾಕಾರದ ಪೆಟ್ಟಿಗೆ. ಅದರಲ್ಲಿ ಸೊಂಟದಿಂದ ಮೇಲಕ್ಕಷ್ಟೇ ಅವಳು.

ಆಸ್ಪತ್ರೆಯ ವಾರ್ಡಿಗೆ ಬೆಂಕಿ ಬಿದ್ದದ್ದು ಚಳಿಗಾಲದಲ್ಲಿ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಒಳಗಿದ್ದವರು ಒಳಗೇ ಉಳಿದರು. ತನಿಖೆ ನಡೆಯುತ್ತಿದೆ ಎಂದರು, ಆಮೇಲೆ ಮುಗಿಯಿತು ಎಂದರು, ಏನು ಸಿಕ್ಕಿತೆಂದು ಮಾತ್ರ ಹೇಳಲಿಲ್ಲ. ಜನ ಚೌಕಕ್ಕೆ ಬಂದು ಕೂತರು. ಮೊದಮೊದಲು ಬೀಗ ಹಾಕಿಸಿದ್ದು ಯಾರೆಂದು ಕೇಳುತ್ತಿದ್ದವರು, ಉತ್ತರ ಬಾರದೆ ಹೋದಾಗ, ಹಾಗಾದರೆ ಚುನಾವಣೆ ಮಾಡಿ ಎನ್ನತೊಡಗಿದರು. ಚಳಿಗಾಲ ಕಳೆದು ಬೇಸಿಗೆ ಬಂದಿತ್ತು. ಜನ ಎದ್ದಿರಲಿಲ್ಲ.

ಅಪ್ಪನೂ ದಿನಾ ಹೋಗುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೂಟಿಗೆ ಪಾಲೀಶು ಹಾಕಿಕೊಂಡು, ನೌಕರಿಗೆ ಹೊರಟವನ ಹಾಗೆ.

"ಐದು ವರ್ಷ ಅಂತ ವೋಟು ಹಾಕಿದ್ದು ಜನಾನೇ ಅಲ್ವಾ?" ಮೆಟ್ಟಿಲಿಳಿಯುತ್ತ ಕೇಳಿದಳು. "ಬೀದಿಯಲ್ಲಿ ಕೂತವರು ಹೇಳಿದ್ರು ಅಂತ ಮುರಿದು ಹಾಕಿದ್ರೆ, ಮನೇಲಿ ಕೂತವರ ವೋಟಿಗೆ ಏನು ಬೆಲೆ? ನೀನೂ ಹಾಕಿದ್ದೆ."

"ಹಾಕಿದ್ದೆ. ಅದಕ್ಕೇ ವಾಪಸ್ ಕೇಳೋಕೆ ಹೋಗ್ತಿದೀನಿ."

ವಾದದಲ್ಲಿ ಅಪ್ಪನನ್ನು ಸೋಲಿಸುವುದು ಕಷ್ಟವಾಗಿರಲಿಲ್ಲ. ಆದರೆ ಅವನು ಆಗಲೇ ಮುಂದಿನ ಮೆಟ್ಟಿಲಿಗೆ ಹೋಗಿದ್ದ. ಅವಳಿಗೆ ಕಂಡದ್ದು ಬೆನ್ನು. ಅವನಿಗೂ ಆ ವಿದ್ಯೆ ಗೊತ್ತಿತ್ತು.

ರಸ್ತೆಗಳನ್ನು ಮುಚ್ಚಿದ್ದರಿಂದ ಟೀವಿ ಕಚೇರಿಗೆ ಹೋಗಲು ಚೌಕದ ನಡುವೆಯೇ ಹಾಯಬೇಕಿತ್ತು. ತಮಟೆಯ ಸದ್ದಿಗೆ ಅವಳಿಗೆ ತಲೆ ಸಿಡಿಯಿತು. ಅಪ್ಪ ಎದೆಯ ಮೇಲೆ ಅಂಗೈಯಿಟ್ಟು ಅದನ್ನು ಸವಿಯುತ್ತಿದ್ದ. ಕಾರಂಜಿಯ ಪಕ್ಕದಲ್ಲಿ ಕಿವುಡರದೇ ಒಂದು ಮೂಲೆ. ಘೋಷಣೆ ಕೂಗುವವರ ನಡುವೆ ಅದೊಂದೇ ಮೌನದ ಜಾಗ, ಆದರೆ ಅಲ್ಲಿ ಕೈಗಳು ಸುಮ್ಮನಿರಲಿಲ್ಲ. ಅಪ್ಪನ ಹಳೆಯ ಗೆಳೆಯ, ಎಲ್ಲರೂ ಮೀಸೆ ಎಂದು ಕರೆಯುವ ದರ್ಜಿ, ಅವಳನ್ನು ಕಂಡವನೇ ಎದ್ದು ಗಾಳಿಯಲ್ಲಿ ಪೆಟ್ಟಿಗೆಯೊಂದನ್ನು ಬರೆದು ತೋರಿಸಿದ. ಪೆಟ್ಟಿಗೆಯವಳು ಬಂದಳು! ಹೆಂಗಸರು ನಕ್ಕರು. ಯಾರೋ ಕೂರಲು ಜಾಗ ಮಾಡಿದರು.

"ಇವತ್ತಿನ ಚರ್ಚೆ ಎಲ್ಲರೂ ಇಲ್ಲೇ ನೋಡ್ತೀವಿ," ಎಂದ ಮೀಸೆ, ಕಂಬಕ್ಕೆ ಕಟ್ಟಿದ ದೊಡ್ಡ ಪರದೆಯನ್ನು ತೋರಿಸಿ. "ಮಂತ್ರಿ ಮುಖ ನಾವು ನೋಡಲ್ಲ. ನಿನ್ನ ಕೈ ನೋಡ್ತೀವಿ. ಅದು ಸುಳ್ಳು ಹೇಳಲ್ಲ."

ಅವಳಿಗೆ ಹೊತ್ತಾಗಿತ್ತು. ಹೊತ್ತಾಯಿತೆಂದು ಗಡಿಯಾರ ತೋರಿಸಿ ನಡೆದಳು.

ಮೇಕಪ್ಪಿನ ಕೋಣೆಗೆ ನಿರ್ಮಾಪಕ ತಾನೇ ಬಂದದ್ದು ಅವಳಿಗೆ ಸರಿ ಕಾಣಲಿಲ್ಲ. ಅವನು ಬಾಗಿಲಲ್ಲೇ ನಿಂತು, ಕನ್ನಡಿಯ ಸುತ್ತಲಿನ ಬಲ್ಬುಗಳಲ್ಲಿ ಕೆಟ್ಟುಹೋದದ್ದು ಯಾವುದು ಎಂದು ನೋಡುತ್ತಿರುವವನ ಹಾಗೆ ನೋಡುತ್ತಿದ್ದ.

"ಮಂತ್ರಿ ಎದುರು ಚೌಕದಿಂದ ಆ ಆಸ್ಪತ್ರೆ ನರ್ಸು ಮಾತಾಡ್ತಾಳೆ, ಗೊತ್ತಲ್ಲ? ಲೈನು ಸರಿಯಿಲ್ಲ."

"ಸರಿಯಾಗೇ ಇದೆಯಲ್ಲ. ಈಗ ತಾನೇ ಕೇಳಿಸಿಕೊಂಡೆ."

"ನಡುವೆ ಸದ್ದು ಹೋಗಬಹುದು ಅಂದೆ."

"ಯಾವಾಗ?"

"ನಿನ್ನ ಕಿವಿಗೆ ಹೇಳ್ತೀನಿ. ಆಗ ಕೈ ಇಳಿಸಿಬಿಡು."

"ನನಗೂ ಕೇಳಿಸಲ್ವಾ?"

ನಿರ್ಮಾಪಕ ಅವಳ ಮುಖವನ್ನು ಕನ್ನಡಿಯಲ್ಲಿ ನೋಡಿದ. ಕೆಟ್ಟ ಮನುಷ್ಯನೇನಲ್ಲ. ಅಮ್ಮ ಸತ್ತಾಗ ಮನೆಗೆ ಬಂದು, ಅಪ್ಪನೆದುರು ಏನು ಮಾಡಬೇಕೋ ತಿಳಿಯದೆ, ಬಹಳ ಹೊತ್ತು ಅವನ ಕೈ ಹಿಡಿದುಕೊಂಡು ಕೂತಿದ್ದ.

"ನಮ್ಮ ಕೈಯಲ್ಲಿ ಏನಿದೆ ಹೇಳು," ಎಂದ. ಹೋದ.

ನೇರ ಪ್ರಸಾರ ಶುರುವಾಯಿತು. ಕಾನೂನು ಮಂತ್ರಿ ಮಾತು ಬಲ್ಲವರು. ವಾಕ್ಯಕ್ಕೆ ತಲೆ, ನಡು, ಕಾಲು ಎಲ್ಲ ಇರುತ್ತಿತ್ತು. ಅವರನ್ನು ಅನುವಾದಿಸುವುದು ಇಳಿಜಾರಿನಲ್ಲಿ ಸೈಕಲ್ಲು ಬಿಟ್ಟಷ್ಟು ಸಲೀಸು. ಇವತ್ತು ಈ ಚೌಕ ಹೇಳಿದಂತೆ ಕೇಳಿದರೆ ನಾಳೆ ಇನ್ನೊಂದು ಚೌಕ ತುಂಬುತ್ತದೆ, ಎಂದರು. ಗದ್ದಲ ಮಾಡುವವರು ಕಾಣುತ್ತಾರೆ, ಗದ್ದಲ ಮಾಡದವರು ಕಾಣುವುದಿಲ್ಲ, ಸರ್ಕಾರ ಕಾಣದವರದ್ದೂ ಹೌದು, ಎಂದರು. ಅದರಲ್ಲಿ ತಪ್ಪೇನಿದೆ ಎಂದು ಅವಳಿಗೂ ಅನ್ನಿಸಿತು. ಕೈಗಳು ಹಾಯಾಗಿ ಓಡಿದವು. ಬೆಳಗಿನ ಆ ಒಣ ಸಂಜ್ಞೆಯನ್ನು ಬಳಸಿದಳು, ಎಲ್ಲಿಯೂ ತೊಡರಲಿಲ್ಲ.

ನರ್ಸಿನ ಮುಖ ಬಂತು. ದಪ್ಪ ಕನ್ನಡಕ, ನಿದ್ದೆಗೆಟ್ಟ ಕಣ್ಣು, ಹಿಂದೆ ಟೀವಿ ವ್ಯಾನಿನ ಮುಚ್ಚಿದ ಗಾಜು, ಅದರಾಚೆ ಕಾರಂಜಿ. ನರ್ಸಿಗೆ ವಾಕ್ಯ ಮುಗಿಸುವ ಅಭ್ಯಾಸವಿರಲಿಲ್ಲ.

"ನಾವು ಹೇಳಿದ್ವಿ ಅಂತ ನೀವು ಇಳೀಬೇಡಿ ಸಾರ್. ಮನೇಲಿ ಕೂತಿರೋರು ನಿಮ್ಮ ಕಡೆ ಅಂತೀರಲ್ಲ, ಸರಿ, ಅವರನ್ನೇ ಕೇಳಿ. ಚುನಾವಣೆ ಅಂದ್ರೆ ಅಷ್ಟೇ ತಾನೇ, ಕೇಳೋದು. ಕೇಳೋಕೆ ಯಾಕೆ ಭಯ?"

ಅಷ್ಟನ್ನೂ ಅವಳು ಕೈಯಲ್ಲಿ ಹೇಳಿದಳು. ‘ಕೇಳೋದು’ ಎನ್ನುವಾಗ ಕೈ ಸ್ವಲ್ಪ ಹೆಚ್ಚೇ ಚಾಚಿತು. ಯಾಕೋ ಮೈ ಬೆಚ್ಚಗಾಯಿತು.

"ಬೀಗ ಯಾಕೆ ಹಾಕಿತ್ತು ಅಂತ ಕೇಳ್ತಿದ್ರಲ್ಲ, ನಾನು ಅವತ್ತು ಡ್ಯೂಟಿಯಲ್ಲಿದ್ದೆ, ನಾನೇ..."

"ಈಗ," ಎಂದಿತು ಕಿವಿಯಲ್ಲಿ ನಿರ್ಮಾಪಕನ ದನಿ.

ಎದುರಿನ ಪರದೆಯಲ್ಲಿ ನರ್ಸಿನ ತುಟಿಗಳಷ್ಟೇ ಆಡುತ್ತಿದ್ದವು. ಸ್ಟುಡಿಯೋದ ಸ್ಪೀಕರು ಸತ್ತಿತ್ತು. ಮಂತ್ರಿ ತಮ್ಮ ಕಫ್ ಸರಿಮಾಡಿಕೊಂಡರು. ಆದರೆ ಅವಳ ಕಿವಿಯೊಳಗಿನ ತಂತಿಯನ್ನು ಕಡಿಯಲು ಯಾರೋ ಮರೆತಿದ್ದರು. ಅಥವಾ ಅವಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಲ್ಲವೂ ಕೇಳಿಸುತ್ತಿತ್ತು.

"...ನಾನೇ ಬೀಗ ಹಾಕಿದ್ದು. ಮಂತ್ರಿಗಳು ನೋಡೋಕೆ ಬರ್ತಾರೆ, ರೋಗಿಗಳು ವರಾಂಡಕ್ಕೆ ಬಂದು ಅದಿಲ್ಲ ಇದಿಲ್ಲ ಅಂತ ದೂರು ಹೇಳಬಾರದು, ಫೋಟೋದಲ್ಲಿ ಕಾಣಬಾರದು, ಬಾಗಿಲು ಹಾಕಿ ಅಂತ ಮೇಲಿಂದ ಹೇಳಿದ್ರು. ಅವರು ಬರಲೇ ಇಲ್ಲ. ತೆಗೆಯೋಕೆ ಯಾರೂ ಹೇಳಲಿಲ್ಲ. ಹೇಳಲಿಲ್ಲ ಅಂತ ನಾನೂ ತೆಗೀಲಿಲ್ಲ..."

ಪೆಟ್ಟಿಗೆಯೊಳಗೆ ಅವಳ ಕೈಗಳು ಹೊಟ್ಟೆಯ ಮೇಲೆ ಒಂದರ ಮೇಲೊಂದು ಕೂತಿದ್ದವು. ಫೋಟೋ ತೆಗೆಸಿಕೊಳ್ಳುವ ಮಕ್ಕಳ ಹಾಗೆ. ಎತ್ತಬಹುದಿತ್ತು. ನಿರ್ಮಾಪಕ ಗಾಜಿನ ಆಚೆ ಇದ್ದ, ಓಡಿ ಬರುವಷ್ಟರಲ್ಲಿ ಅರ್ಧ ಹೇಳಿ ಮುಗಿಯುತ್ತಿತ್ತು. ಸದ್ದು ಕಿತ್ತುಕೊಂಡರೇನು, ಅವಳ ಭಾಷೆಗೆ ಸದ್ದು ಯಾಕೆ? ಇಡೀ ದೇಶದಲ್ಲಿ ಆ ಮಾತನ್ನು ಕೇಳಿಸಿಕೊಳ್ಳಬಲ್ಲವರು ಆ ಹೊತ್ತಿನಲ್ಲಿ ಕಿವುಡರು ಮಾತ್ರ.

"ಸುಮ್ಮನೆ ನಿಂತರೆ ಚೆನ್ನಾಗಿ ಕಾಣಲ್ಲ," ಎಂದಿತು ಕಿವಿ. "ಕೇಳಿಸ್ತಿಲ್ಲ ಅಂತ ಏನಾದ್ರೂ ಮಾಡು."

ಮಾಡಿದಳು. ತೋರುಬೆರಳನ್ನು ಕಿವಿಗೆ ಮುಟ್ಟಿಸಿ, ಅಲ್ಲಿಂದ ತುಟಿಗೆ ತಂದು, ಅಂಗೈಯನ್ನು ಮುಚ್ಚಿದಳು.

ಮುಚ್ಚಿದ ಮೇಲೆ ಗೊತ್ತಾಯಿತು. ಅಪ್ಪ ಅಮ್ಮನ ಭಾಷೆಯಲ್ಲಿ ‘ಕೇಳಿಸುತ್ತಿಲ್ಲ’ ಎನ್ನುವುದಕ್ಕೂ ‘ನಾನು ಕಿವುಡಿ’ ಎನ್ನುವುದಕ್ಕೂ ಇರುವುದು ಅದೊಂದೇ ಸಂಜ್ಞೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಪೊಲೀಸರ ಮುಂದೆ, ಅವರು ತಮ್ಮನ್ನು ಪರಿಚಯಿಸಿಕೊಳ್ಳುತ್ತಿದ್ದದ್ದು ಹಾಗೆ. ಚಿಕ್ಕವಳಿದ್ದಾಗ ಒಮ್ಮೆ ಆಟಕ್ಕೆ ಹಾಗೆ ಮಾಡಿದ್ದಕ್ಕೆ ಅಮ್ಮ ಕೆನ್ನೆಗೆ ಬಾರಿಸಿದ್ದಳು. ಅಮ್ಮ ಅವಳ ಮೇಲೆ ಕೈಯೆತ್ತಿದ್ದು ಅದೊಂದೇ ಸಲ.

ನರ್ಸಿನ ತುಟಿ ಇನ್ನೂ ಆಡುತ್ತಿತ್ತು. ಆಮೇಲೆ ಅದರ ಜಾಗದಲ್ಲಿ ಹೂದೋಟದ ಚಿತ್ರವೊಂದು ಬಂತು.

"ಚೆನ್ನಾಗಿ ಸಂಭಾಳಿಸಿದೆ," ಎಂದ ನಿರ್ಮಾಪಕ, ಕಾರಿಡಾರಿನಲ್ಲಿ.

"ಹೂಂ."

"ಏನಾದ್ರೂ ಕೇಳಿಸ್ತಾ?"

"ಇಲ್ಲ."

"ಒಳ್ಳೇದಾಯ್ತು," ಎಂದು ಅವನು ಅವಳ ಭುಜ ತಟ್ಟಿದ. ನಂಬಿದ್ದನೋ ಇಲ್ಲವೋ, ಇಬ್ಬರಿಗೂ ಅದು ಬೇಕಿರಲಿಲ್ಲ.

ಮೇಕಪ್ಪಿನವಳು ಮುಖ ಒರೆಸುತ್ತ, "ಕೈಗೂ ಹಚ್ಚಿದ್ದೆ, ಒರೆಸಲಾ?" ಎಂದು ಕೇಳಿದಳು. ಅವಳು ಕೊಡಲಿಲ್ಲ. ಬಿಸಿಲು ಇನ್ನೂ ಬಲವಾಗಿದ್ದರೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡು ಹೊರಬಿದ್ದಳು.

ಮನೆಗೂ ಚೌಕದ ನಡುವೆಯೇ ಹಾಯಬೇಕಿತ್ತು. ಕಾಲುವೆಯ ದಂಡೆಯಲ್ಲಿ ಸುಮ್ಮನೆ ಅಡ್ಡಾಡಿದಳು, ತಣ್ಣಗಾಗುವವರೆಗೆ ಟೀ ಕಪ್ಪು ಹಿಡಿದು ಕೂತಳು. ಅಪ್ಪ ಮನೆಗೆ ಹೋಗಿರಬಹುದು, ಹೋಗಿದ್ದರೆ ಮಾತು ತಪ್ಪುತ್ತದೆ, ಎಂದುಕೊಂಡಳು. ಹೊತ್ತು ಮುಳುಗುವಾಗ ಚೌಕಕ್ಕೆ ಬಂದಳು. ಟೀವಿ ವ್ಯಾನು ಹೋಗಿತ್ತು, ನರ್ಸೂ ಕಾಣಲಿಲ್ಲ. ಅಪ್ಪ ಹೋಗಿರಲಿಲ್ಲ.

ಕಿವುಡರ ಮೂಲೆಯಲ್ಲಿ ಯಾರೂ ಪೆಟ್ಟಿಗೆ ಬರೆದು ತೋರಿಸಲಿಲ್ಲ. ಬೈಯಲೂ ಇಲ್ಲ. ಮೀಸೆ ತನ್ನ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿಕೊಳ್ಳತೊಡಗಿದ. ಅಪ್ಪ ಕಾರಂಜಿಯ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಜಾಗವಿತ್ತು. ಅವಳು ನಿಂತೇ ಇದ್ದಳು.

"ಸದ್ದು ನಿಜವಾಗಿ ಹೋಗಿತ್ತಾ?" ಅಪ್ಪ ಸಣ್ಣದಾಗಿ, ಎದೆಯ ಹತ್ತಿರವೇ ಕೈಯಾಡಿಸಿ ಕೇಳಿದ. ಬೇರೆಯವರಿಗೆ ಕಾಣದ ಹಾಗೆ. ಪಿಸುಗುಟ್ಟಿದ ಹಾಗೆ.

ಇಲ್ಲ ಎನ್ನಲು ಅವನೇ ಅವಕಾಶ ಕೊಡುತ್ತಿದ್ದ. ಅದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದೇ ತಡ, ಕೈಗಳು ಜೇಬಿನಿಂದ ಹೊರಗೆ ಬಂದು ತಮ್ಮಷ್ಟಕ್ಕೆ ಹೇಳಿದವು: "ಹೋಗಿತ್ತು."

"ನಿಂಗೂ ಕೇಳಿಸಲಿಲ್ಲ."

"ತಂತಿ ಕೆಟ್ಟಿತ್ತು. ಎಲ್ಲರಿಗೂ ಹಾಗೇ ಆಯ್ತು. ಬೇಕಾದ್ರೆ ಯಾರನ್ನಾದ್ರೂ..."

ಅಪ್ಪ ಕಣ್ಣು ಮುಚ್ಚಿಕೊಂಡ.

ಅವಳು ಇನ್ನೂ ಹೇಳುತ್ತಲೇ ಇದ್ದಳು. ಮುಚ್ಚಿದ ರೆಪ್ಪೆಗಳ ಮುಂದೆ ಕೈ ತಂತಿಯ ಬಗ್ಗೆ, ಯಂತ್ರಗಳ ಬಗ್ಗೆ ಸುಳ್ಳು ಹೇಳಿಕೊಂಡೇ ಹೋಯಿತು, ನಿಲ್ಲಿಸಲು ಬಾರದ ಹಾಗೆ. ದಾರಿಹೋಕ ಹೆಂಗಸೊಬ್ಬಳು ಅದೇನೋ ನೃತ್ಯವೆಂಬಂತೆ ನಿಂತು ನೋಡಿ, ಮೆಚ್ಚಿಕೊಂಡು ನಕ್ಕು ಮುಂದೆ ಹೋದಳು. ಅಪ್ಪನ ಮುಖದಲ್ಲಿ ಸಿಟ್ಟಿರಲಿಲ್ಲ. ಹೆತ್ತ ಮಗಳು ಬಟ್ಟೆ ಬದಲಾಯಿಸುತ್ತಿರುವ ಕೋಣೆಗೆ ತಪ್ಪಿ ಬಂದುಬಿಟ್ಟವನ ಹಾಗೆ ಅವನು ನಾಚಿಕೊಂಡು ಕಣ್ಣು ಮುಚ್ಚಿದ್ದ. ಅವಳ ಬದಲಿಗೆ ಅವನು ನಾಚಿಕೊಂಡಿದ್ದ.

ಆಗ ದೀಪಗಳು ಹೋದವು. ಮೊದಲು ದೊಡ್ಡ ಪರದೆ, ಆಮೇಲೆ ಕಂಬಗಳು, ಆಮೇಲೆ ಸುತ್ತಲಿನ ಅಂಗಡಿಗಳು. ಯಾರೋ ಎಲ್ಲಿಯೋ ಗುಂಡಿ ಒತ್ತಿದ್ದರು. ಆಮೇಲೆ ಕಿವಿಯಿರುವವರು ಕೂಗಲು ಶುರುಮಾಡಿದರು. ಕತ್ತಲು ಅವರಿಗೆ ಅಡ್ಡಿಯಾಗಲಿಲ್ಲ. ಕೂಗು ಮೊದಲಿಗಿಂತ ಜೋರಾಗಿ, ಒಂದೇ ಲಯದಲ್ಲಿ ಏರಿತು. ಚುನಾವಣೆ, ಚುನಾವಣೆ.

ಈ ಮೂಲೆಯಲ್ಲಿ ಮಾತ್ರ ಎಲ್ಲರ ಮಾತೂ ಒಟ್ಟಿಗೇ ಕಟ್ಟಿಹೋಯಿತು. ಎತ್ತಿದ ಕೈಗಳು ಯಾರಿಗೂ ಕಾಣದೆ ಕರಗಿದವು. ಬಟ್ಟೆಯ ಸರಪರ, ಉಸಿರು. ಆಮೇಲೆ ಅವರು ಕತ್ತಲಲ್ಲಿ ಒಬ್ಬರನ್ನೊಬ್ಬರು ತಡಕಾಡಿ, ಕೈಯೊಳಗೆ ಕೈಯಿಟ್ಟು, ಅಂಗೈಯ ಮೇಲೇ ಮಾತಾಡಲು ತೊಡಗಿದರು.

ಯಾರದೋ ಕೈ ಬಂದು ಅವಳ ಕೈ ಹಿಡಿಯಿತು. ಅಪ್ಪನದೋ, ಮೀಸೆಯದೋ, ಗುರುತಿಲ್ಲದ ಯಾರದೋ. ಒರಟಾಗಿತ್ತು, ಬೆಚ್ಚಗಿತ್ತು. ಅವಳ ಅಂಗೈಯಲ್ಲಿ ನಿಧಾನವಾಗಿ ಒತ್ತಿ ಒತ್ತಿ ಕೇಳಿತು: ಆ ನರ್ಸು ಏನು ಹೇಳಿದಳು?

ಇಲ್ಲಿ ಯಾರೂ ನೋಡುತ್ತಿರಲಿಲ್ಲ. ಕಿವಿಯಲ್ಲಿ ಯಾವ ದನಿಯೂ ಇರಲಿಲ್ಲ. ಹೇಳಲೆಂದು ಬೆರಳುಗಳಿಗೆ ಅಪ್ಪಣೆ ಕೊಟ್ಟಳು. ಅವು ಮಡಚಿಕೊಂಡವು.

ಆ ಕೈ ಕಾಯಿತು. ಮತ್ತೆ ಕೇಳಿತು. ಆಮೇಲೆ ಏನೋ ಅನುಮಾನ ಬಂದಂತೆ ಅವಳ ಮುಷ್ಟಿಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡು, ಸತ್ತವರ ಮುಷ್ಟಿಯೊಳಗೆ ಏನಾದರೂ ಉಳಿದಿದೆಯೇ ಎಂದು ಹುಡುಕುವವರ ಹಾಗೆ, ಬಹಳ ಮೆತ್ತಗೆ, ಒಂದೊಂದೇ ಬೆರಳನ್ನು ಬಿಡಿಸತೊಡಗಿತು.