ರಾಚಪ್ಪನ ಕೀಲಿಕೈ ಮಾದರಿ

ರಾಚಪ್ಪನ ಬಳಿ ಕೆಂಪು ರಟ್ಟಿನ ಒಂದು ನೋಟ್‌ಬುಕ್ಕಿತ್ತು. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವಾಗಲೇ ಅವನಿಗೊಂದು ಸಂಗತಿ ಹೊಳೆದಿತ್ತು: ಕಂಪ್ಯೂಟರಿಗೆ ಬರೆಯುವ ಪ್ರೋಗ್ರಾಮುಗಳ ಹೆಸರು ನೂರಾರು, ಒಳಗಿನ ಎಲುಬಿನ ಗೂಡು ಮಾತ್ರ ನಾಲ್ಕೈದೇ. ಅವನ್ನು ಮಾದರಿಗಳೆಂದು ಬರೆದಿಟ್ಟು ನಾಮಕರಣವನ್ನೂ ಮಾಡಿದ್ದ. ಏನಾದರೂ ಬದಲಾದರೆ ಕೇಳಿಕೊಂಡವರಿಗೆಲ್ಲ ಸುದ್ದಿ ಮುಟ್ಟಿಸುವುದು 'ಡಂಗುರ'. ಎಲ್ಲರೂ ಒಬ್ಬನನ್ನೇ ಕೇಳಬೇಕಾದದ್ದು 'ಊರಿಗೊಬ್ಬ ಗೌಡ'. ಅವನ ಮುದ್ದಿನದು 'ಕೀಲಿಕೈ': ಒಬ್ಬರಿಗೆ ಒಂದೇ, ಒಂದು ಒಬ್ಬರಿಗೇ, ಅದನ್ನು ಮರಳಿಸುವತನಕ ಎರಡನೆಯದಿಲ್ಲ.

ಗುಹೆ ನೋಡಲು ಬರುವ ಫಾರಿನ್ ಮಂದಿ ಮೆಚ್ಚಲೆಂದು ಬಾದಾಮಿಯ ಲಾಡ್ಜ್ ಮಾಲೀಕನೊಬ್ಬ ಕಂಪ್ಯೂಟರು ತಂದಿಟ್ಟಿದ್ದ. ಅಲ್ಲಿ ಒಮ್ಮೆ ಏಳನೇ ಖೋಲಿಗೆ ಒಬ್ಬ ಪ್ರೊಫೆಸರರನ್ನೂ ಒಂದು ಇಡೀ ಬ್ಯಾಂಡ್ ಕಂಪನಿಯನ್ನೂ ಒಟ್ಟಿಗೆ ತುಂಬಿದ್ದರು. ರಾಚಪ್ಪ ಮೂರು ದಿನ ಕೂತು ಕೀಲಿಕೈ ಮಾದರಿ ಹಚ್ಚಿದ. ಖೋಲಿಯೊಳಗೆ ಅಂಥ ಸಂಗೀತ ಕಚೇರಿ ಮತ್ತೆ ನಡೆಯಲಿಲ್ಲ. ಖೋಲಿ ಅಂತಿದ್ದಲ್ಲಿ ಪುಸ್ತಕ ಅಂತ ತಿದ್ದಿ ಒಂದು ಲೈಬ್ರರಿಗೂ ಅದನ್ನೇ ಕೊಟ್ಟ. ಒಂದೇ ಮಧ್ಯಾಹ್ನದ ಕೆಲಸ.

೧೯೮೯ರಲ್ಲಿ ಇಳಕಲ್ಲಿನ ನೇಕಾರರ ಸೊಸೈಟಿಗೂ ಕಂಪ್ಯೂಟರು ಬಂತು. ಸೆಕ್ರೆಟರಿ ಸಂಗಯ್ಯನವರು, ಎರಡು ವರ್ಷದಿಂದ ನೌಕರಿಯಿಲ್ಲದೆ ಅಲೆಯುತ್ತಿದ್ದ ರಾಚಪ್ಪನನ್ನು ಕರೆಸಿ ಹೇಳಿದರು: "ಸೋಮವಾರ ಹನ್ನೆರಡರೊಳಗ ನಲವತ್ತು ಮಗ್ಗಕ್ಕ ಹಾಸು ಹಂಚಿ ಮುಗಸ್ರಿ. ನೌಕರಿ ನಿಮ್ದು."

ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಚ್ಚುವ ನೂಲು. ರಾಚಪ್ಪ ಪುಸ್ತಕ ಅಂತಿದ್ದಲ್ಲಿ ಹಾಸು ಅಂತ ತಿದ್ದಿದ.

ಸೋಮವಾರ ನೇಕಾರರಲ್ಲಿ ಮೊದಲು ಬಂದ ಸಿದ್ದವ್ವ ಸೀರೆಯ ಒಡಲ ಹಾಸು ಇಸಿದುಕೊಂಡು ಕಿಟಕಿಯಲ್ಲೇ ನಿಂತಳು.

"ಸೆರಗಿನ ಹಾಸು ಕೊಡ್ರಿ."

ರಾಚಪ್ಪ ಗುಂಡಿ ಒತ್ತಿ, ಪರದೆ ನೋಡಿ ಗಂಭೀರವಾಗಿ ಓದಿದ: "ಮೊದಲು ಪಡೆದುದನ್ನು ಮರಳಿಸತಕ್ಕದ್ದು."

"ಮರಳಿಸತಕ್ಕದ್ದು," ಎಂದು ಸಿದ್ದವ್ವ ಮೂಗು ಹಿಡಿದು ಅವನ ದನಿಯಲ್ಲೇ ಹೇಳಿದಳು. ಸಾಲಿನಲ್ಲಿ ನಗು ಹರಿಯಿತು. "ಯಪ್ಪಾ, ಒಡಲಿಗೆ ಸೆರಗು ಎಳಿಗೊಂದು ಎಳಿ ಕೊಂಡಿ ಹಾಕಿ ಜೋಡಿಸಿದ ಮ್ಯಾಲ ನೇಯೂದು. ನೇಯ್ದ ಮ್ಯಾಲ ಸೀರಿ ಮಾಡಿ ಮರಳಿಸೂದು. ಸೆರಗ ಇಲ್ಲದ ಏನ್ ಮರಳಿಸಲಿ?"

ರಾಚಪ್ಪ ಮತ್ತೊಮ್ಮೆ ಗುಂಡಿ ಒತ್ತಿದ, ಅದೇ ಸಾಲು ಬಂತು. ಒಡಲು ಸೆರಗಿಗಾಗಿ ಕಾಯುತ್ತಿತ್ತು. ಸೆರಗು ಒಡಲಿಗಾಗಿ ಕಾಯುತ್ತಿತ್ತು. ಸಾಲು ಎರಡಕ್ಕಾಗಿಯೂ ಕಾಯುತ್ತಿತ್ತು.

"ಬಾದಾಮಿ ಲಾಡ್ಜಿನ್ಯಾಗ ಖೋಲಿ ಕೀಲಿಕೈಗೆ ಇದ ನಡೀತಿತ್ರಿ," ಎಂದ.

"ಬಾದಾಮ್ಯಾಗ ಗಂಡ ಹೆಂಡ್ತಿ ಬಂದ್ರ ಇಬ್ಬರಿಗೂ ಸೇರಿ ಒಂದ ಕೀಲಿಕೈ ಕೊಟ್ಟಿರ್ತೀರಿ. ಇದಕ್ಕೂ ಹಂಗ ಮಾಡ್ರಿ."

ರಾಚಪ್ಪ ಅವಳನ್ನು ಕಣ್ಣರಳಿಸಿ ನೋಡಿದ. ಹತ್ತೂವರೆಗೆ ತಿದ್ದಲು ಕೂತು ಹನ್ನೊಂದಕ್ಕೆ ಎದ್ದ. ಒಡಲು, ಸೆರಗು ಎರಡಕ್ಕೂ ಒಂದೇ ನಂಬರು. ಹತ್ತು ಜನ ಸರಸರ ಒಯ್ದರು. ಅವನು ಹಿಗ್ಗಿ ನೋಟ್‌ಬುಕ್ಕಿನಲ್ಲಿ 'ಜೋಡಿ ಮಾದರಿ' ಎಂದು ಬರೆದು ಅಡಿಗೆರೆ ಎಳೆಯುವಷ್ಟರಲ್ಲಿ ಕಾಸಿಂಬಿ ಬಂದಳು.

"ನನಗ ಸೆರಗಿನ ಹಾಸಷ್ಟ ಬೇಕ್ರಿ. ಹ್ವಾದ ವಾರ ಒಯ್ದಿದ್ದು ಇಲಿ ಕಡದೈತಿ."

ಜೋಡಿ ಒಡೆಯಲು ಕಂಪ್ಯೂಟರು ಒಪ್ಪಲಿಲ್ಲ. ಇಲಿ ಕಡಿದರೆ ಏನು ಮಾಡಬೇಕೆಂಬ ಮಾದರಿ ನೋಟ್‌ಬುಕ್ಕಿನಲ್ಲೂ ಇರಲಿಲ್ಲ. ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು.

ರಾಚಪ್ಪ ಕುರ್ಚಿ ಹಿಂದಕ್ಕೆ ಸರಿಸಿ ಎದ್ದ. ಕಪಾಟು ತೆಗೆದು ಕಾಸಿಂಬಿಗೆ ಸೆರಗಿನ ಹಾಸು ಕೈಯಾರೆ ಕೊಟ್ಟ, ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿದ. "ಮುಂದಿನವ್ರು ಬರ್ರಿ. ಏನ್ ಬೇಕ್ರಿ ನಿಮಗ?" ಪ್ರತಿಯೊಬ್ಬರನ್ನೂ ಹೀಗೇ ಕೇಳಿದ. ಒಬ್ಬರ ಬೇಡಿಕೆ ಇನ್ನೊಬ್ಬರದರಂತೆ ಇರಲಿಲ್ಲ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ನಲವತ್ತನೆಯವರು ಹೋದರು.

ಸಂಗಯ್ಯನವರು ಬಂದು ಪರದೆ ನೋಡಿದರು, ಪೆನ್ಸಿಲ್ ಗುರುತು ನೋಡಿದರು.

"ಮಷಿನ್ ಏನ್ ಮಾಡಾಕತ್ತೈತಿ?"

"ಅದು ಇನ್ನಾ ಕಲೀಬೇಕ್ರಿ."

"ಅದೋ, ನೀವೋ?"

"ನಾನ ಮೊದಲ್ರಿ."

ಸಂಗಯ್ಯನವರು ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿದರು. "ಹಂಚಿ ಮುಗಸ್ರಿ ಅಂದಿದ್ನಿ, ಮುಗಿಸೀರಿ. ನೌಕರಿ ನಿಮ್ದು. ಆದ್ರ ಎಂಟ ದಿನ ಇದನ್ನ ಮುಟ್ಟಬ್ಯಾಡ್ರಿ. ಕಿಡಕ್ಯಾಗ ಕುಂತು ಮಂದಿ ಏನ್ ಕೇಳ್ತಾರ ಕೇಳ್ರಿ."

ಹೊರಗೆ ಕಟ್ಟೆಯ ಮೇಲೆ ಕೂತು ಎಲೆ ಹಾಕುತ್ತಿದ್ದ ಸಿದ್ದವ್ವ ತಿರುಗಿ ನೋಡಿದಳು.

"ಎಂಟ ದಿನ ಎಲ್ಲಿ ಸಾಕ್ರಿ ಯಪ್ಪಾ. ಇವತ್ತ ಬಂದವ್ರೆಲ್ಲ ಶಾಣ್ಯಾರು. ಉಳಿದ ಮಗ್ಗದ ತಂಟೆದವ್ರ ಪಾಳಿ ನಾಳೆ ಐತಿ."