ಒಳ್ಳಿನ ಮೇಲಿನ ಹಾಸು

ಶ್ರೀಶೈಲಪ್ಪ ಅಡುಗೆಮನೆಗೆ ಬರುವ ರೀತಿಯೇ ಸುವರ್ಣಾಳಿಗೆ ಗಂಟಲ ಮುಳ್ಳಾಗಿತ್ತು. ಬಾಗಿಲಿನಿಂದ ಒಲೆಯ ಹತ್ತಿರ ನೇರವಾಗಿ ಬರಬಹುದಾದ ಮನುಷ್ಯ ನಡುವೆ ಗೋಡೆಯ ಕಡೆ ಸರಿದು, ಅರ್ಧ ಸುತ್ತು ಹಾಕಿ, ಮತ್ತೆ ದಾರಿಗೆ ಬರುತ್ತಿದ್ದ. ಅವನು ಸುತ್ತು ಹಾಕುತ್ತಿದ್ದದ್ದು ಒಳ್ಳಿಗೆ. ಖಾರ ಕುಟ್ಟಲೆಂದು ಫರಸಿಕಲ್ಲಿನ ನೆಲದ ನಡುವೆ ಹುಗಿದಿಟ್ಟ ಒರಳುಕಲ್ಲು ಅದು. ಅದರ ಬಾಯಿ ನೆಲಕ್ಕೆ ಸಮನಾಗಿತ್ತು. ಎಡವುವಂಥದ್ದೇನೂ ಅಲ್ಲ.

ಅದರ ಪಕ್ಕದಲ್ಲೇ ಗುರವ್ವ ಸತ್ತಿದ್ದಳು. ಗುರವ್ವ ಅವನ ಮೊದಲ ಹೆಂಡತಿ. ಖಾರ ಕುಟ್ಟುತ್ತ ಕೂತವಳು ಕೂತಲ್ಲೇ ಹೋದಳಂತೆ. ಬಸವನ ಬಾಗೇವಾಡಿಯ ಆ ಓಣಿಯಲ್ಲಿ ಈ ಅಂತೆಯ ಆಚೆ ಯಾರೂ ಏನೂ ಹೇಳಿರಲಿಲ್ಲ, ಗಂಡನಂತೂ ತುಟಿ ಬಿಚ್ಚಿರಲಿಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುತ್ತಾರೆ. ಗುರವ್ವನ ಖಾರದ ಬಣ್ಣವೇನು, ಗುರವ್ವನ ರೊಟ್ಟಿಯ ತೆಳುವೇನು, ಕೇಳಿ ಕೇಳಿ ಸುವರ್ಣಾಳ ಕಿವಿ ತೂತು ಬಿದ್ದಿದ್ದವು. ಅದನ್ನೆಲ್ಲ ನುಂಗಿಕೊಂಡಾಳು. ಆದರೆ ಕಟ್ಟಿಕೊಂಡ ಗಂಡ ತನ್ನ ಕಣ್ಣೆದುರೇ ಇನ್ನೊಬ್ಬಳಿಗೆ ದಾರಿ ಬಿಟ್ಟು ನಡೆಯುವುದನ್ನು ಯಾವ ಹೆಂಗಸು ನುಂಗಿಯಾಳು? ಅವನು ಒಂದು ಸಲ ನೇರ ನಡೆದು ತನ್ನ ಹತ್ತಿರ ಬರಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ತವರೂರು ಸಿಂದಗಿಯ ಬ್ಯಾಂಕಿನಲ್ಲಿ ನೆಲಕ್ಕೆ ಹಾಸಿದ ವಿನೈಲ್ ಶೀಟು ನೋಡಿದಾಗ ಅವಳಿಗೆ ದಾರಿ ಹೊಳೆಯಿತು. ಗೋಡೆಯಿಂದ ಗೋಡೆಗೆ ಒಂದೇ ಹಾಸು, ಎಲ್ಲೂ ಸಂದಿಲ್ಲ, ಕುಳಿಯಿಲ್ಲ. ಒಳ್ಳು ಕಾಣದಿದ್ದರೆ ಸುತ್ತುವುದು ಯಾವುದನ್ನು? ಗಂಡನನ್ನು ಕೇಳಿದಳು. ಅವನು ಬಸ್ ಕಂಡಕ್ಟರ್, ಮುದ್ದೇಬಿಹಾಳದಲ್ಲಿ ರಾತ್ರಿ ತಂಗುವ ವಸ್ತಿ ಗಾಡಿಗೆ ಹೊರಟು ನಿಂತಿದ್ದ. ಒಳ್ಳಿನ ಕಡೆ ಒಮ್ಮೆ ನೋಡಿ, ನಿನ್ನ ಮನೆ, ನಿನ್ನ ಇಷ್ಟ ಎಂದ. ಎಂದವನು ಮತ್ತೆ ಸುತ್ತು ಹಾಕಿಕೊಂಡೇ ಹೊರಗೆ ಹೋದ.

ಬ್ಯಾಂಕಿಗೆ ಹಾಸಿದ ಅಮೋಘಸಿದ್ಧನೇ ಸಿಂದಗಿಯಿಂದ ಬಂದ. ಮಾತುಗಾರ ಮನುಷ್ಯ, ಚಹಾ ಬಂದರೆ ಕೆಲಸ ನಿಲ್ಲುತ್ತಿತ್ತು, ಮಾತು ನಿಲ್ಲುತ್ತಿರಲಿಲ್ಲ. ಸುರುಳಿ ಬಿಚ್ಚಿ ಪಡಸಾಲೆಯಲ್ಲಿ ಹರವಿದ, ಮಡಿಕೆಯೆಲ್ಲ ತಾನಾಗಿ ಸಡಿಲವಾಗಲಿ ಎಂದು. ಫರಸಿಯ ಸಂದುಗಳಿಗೆ ಸಿಮೆಂಟು ತುಂಬಿದ. ಒಳ್ಳಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೇಳಿದ:

"ಅವ್ವಾರ, ಈ ಶೀಟು ಗುಟ್ಟು ಇಟ್ಟಗೊಳ್ಳಂಗಿಲ್ರಿ. ಕೆಳಗ ಒಂದು ಹಳ್ಳು ಇದ್ರೂ ನಾಳೆ ಮ್ಯಾಲೆ ಕಾಣ್ತೈತಿ. ಇದನ್ನ ಗಚ್ಚಾಗಿ ತುಂಬಿ, ಪೂರಾ ಒಣಗಿದ ಮ್ಯಾಲೇ ಹಾಸಬೇಕು."

ಮರುದಿನ ತುಂಬುವುದೆಂದಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಇಂದ್ರಾಬಾಯಿ ಬಂದು ಗಲ್ಲಕ್ಕೆ ಕೈ ಹಚ್ಚಿ ನಿಂತಳು. ಒಳ್ಳೆಂದರೆ ಮನೆಯ ಬಾಯಿ, ಮದುವೆ ಮುಂಜಿಗೆ ಅರಿಸಿನ ಹಚ್ಚಿ ಪೂಜಿಸುವಂಥದ್ದು, ಅದನ್ನು ಬರಿದಾಗಿ ಮುಚ್ಚಿದರೆ ಹಸಿದ ಬಾಯಿ ಮುಚ್ಚಿದಂತೆ ಎಂದಳು. ಸುವರ್ಣಾ ಮೂಗು ಮುರಿದಳು. ಆದರೆ ಮುದುಕಿ ಹೋದ ಮೇಲೆ ಆ ಬರಿ ಬಾಯಿಯನ್ನು ನೋಡುತ್ತ ನಿಂತವಳಿಗೆ ಎದೆ ಅಳುಕಿತು. ಹಸಿದೇ ಹೋದಳೋ ಏನೋ ಗುರವ್ವ, ಯಾರಿಗೆ ಗೊತ್ತು? ಡಬ್ಬಿಯಿಂದ ಬಿಳಿಜೋಳ ಬೊಗಸೆ ಬೊಗಸೆಯಾಗಿ ಸುರಿದಳು. ಮುಕ್ಕಾಲು ತುಂಬಿದ ಮೇಲೆ ಮೇಲಷ್ಟು ಉಸುಕು ಹರವಿದಳು. ಮರುದಿನ ಅಮೋಘಸಿದ್ಧನಿಗೆ ಕಂಡದ್ದು ಉಸುಕು ಮಾತ್ರ. ತಾನೇ ಉಸುಕು ತುಂಬಿದ್ದೇನೆ ಎಂದು ಅವಳು ಹೇಳಿದಳು, ಅವನು ಮೇಲೆ ಸಿಮೆಂಟು ಎಳೆದು ಕರಣಿಯಿಂದ ಸಮ ಮಾಡಿದ.

ಒಣಗಿತೋ ಇಲ್ಲವೋ ನೋಡಲು ಅವನದೊಂದು ಉಪಾಯವಿತ್ತು. ಆ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯ ತುಂಡು ಹಚ್ಚಿ, ನಾಲ್ಕೂ ಅಂಚಿಗೆ ಟೇಪು ಬಡಿದು ಹೋದ. ಬೆಳಿಗ್ಗೆ ಒಳಗೆ ಬೆವರು ಕಂಡರೆ ಇನ್ನೂ ಹಸಿ, ಕಾಯಬೇಕು. ಬೆಳಿಗ್ಗೆ ಸುವರ್ಣಾ ಎದ್ದು ನೋಡಿದರೆ ಹಾಳೆಯ ಒಳಮೈ ತುಂಬ ಹನಿ. ಯಾರೋ ಕೆಳಗಿನಿಂದ ಉಸಿರು ಬಿಟ್ಟಂತಿತ್ತು. ಸಾಲು ವಸ್ತಿ ಮುಗಿಸಿ ಆ ದಿನ ಸಂಜೆ ಗಂಡ ಬರುವವನಿದ್ದ, ಅಷ್ಟರೊಳಗೆ ನೆಲ ಮುಗಿಯಬೇಕಿತ್ತು. ಅವಳು ಟೇಪು ಬಿಚ್ಚಿ, ಸೆರಗಿನಿಂದ ಹನಿ ಒರೆಸಿ, ಮೊದಲಿನಂತೆ ಹಚ್ಚಿಟ್ಟಳು. ಅಮೋಘಸಿದ್ಧ ಬಂದು ಬಗ್ಗಿ ನೋಡಿ, ಇಷ್ಟು ಲಗೂ ಒಣಗಿತಲ್ಲ ಎಂದು ಬೆರಗಾದ, ಅಂಟು ಬಳಿದ, ಶೀಟು ಹಾಸಿದ, ಗೋಡೆಯ ಅಂಚಿಗೆ ಬೆರಳಗಲ ಬಿಟ್ಟು ಕತ್ತರಿಸಿ ಪಟ್ಟಿ ಹೊಡೆದ. ನೆಲ ಕನ್ನಡಿಯಂತಾಯಿತು.

ಸಂಜೆ ಶ್ರೀಶೈಲಪ್ಪ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಸ ನೆಲ ನೋಡಿ, ಛಲೋ ಆಗಿದೆ ಎಂದ. ಆಮೇಲೆ ಒಳಗೆ ಕಾಲಿಟ್ಟು, ನಡುವೆ ಗೋಡೆಯ ಕಡೆ ಸರಿದು, ಅರ್ಧ ಸುತ್ತು ಹಾಕಿ ಒಲೆಯ ಹತ್ತಿರ ಬಂದ. ಅಲ್ಲಿ ಏನೂ ಇರಲಿಲ್ಲ. ಸುವರ್ಣಾಳಿಗೆ ಅಳು ಬಂತು. ಅವಳು ಅಳಲಿಲ್ಲ, ರೊಟ್ಟಿ ಬಡಿಸಿದಳು.

ಆಮೇಲೆ ಶುರುವಾದದ್ದು ಸಪ್ಪಳ. ಮಧ್ಯಾಹ್ನ ಒಬ್ಬಳೇ ಇದ್ದಾಗ ನೆಲದ ಕೆಳಗಿನಿಂದ ಟಕ್ ಎಂದು ಒಂದು ಪೆಟ್ಟು, ಸ್ವಲ್ಪ ಹೊತ್ತಿಗೆ ಇನ್ನೊಂದು. ಯಾರೋ ಆಯಾಸವಾಗಿ, ನಿಂತು ನಿಂತು ಒನಕೆ ಹಾಕಿದಂತೆ. ಒಂದು ದಿನ ಆ ಜಾಗದಲ್ಲಿ ಶೀಟು ಅಂಗೈಯಷ್ಟು ಉಬ್ಬಿತ್ತು. ಕಾಲಿನಿಂದ ಒತ್ತಿದರೆ ಬಗ್ಗಲಿಲ್ಲ. ಮರುದಿನ ಇನ್ನಷ್ಟು ಉಬ್ಬಿತು. ಮುಚ್ಚಲೆಂದು ನೀರಿನ ಕೊಡ ತಂದಿಟ್ಟಳು. ನೋಡನೋಡುತ್ತ ಕೊಡ ಒಂದು ಕಡೆ ವಾಲಿ ನೀರು ಚೆಲ್ಲಿತು. ಅಂಚಿನಿಂದ ಹುಳಿ ವಾಸನೆ ಬರತೊಡಗಿತು. ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುವಾಗ ಬೆನ್ನ ಹಿಂದೆ ಯಾರೋ ಕೂತು ಏಳಲು ಹವಣಿಸುತ್ತಿದ್ದಾರೆ ಎನಿಸಿ ಅವಳು ತಿರುತಿರುಗಿ ನೋಡುತ್ತಿದ್ದಳು. ಜೋಳ ಸುರಿದದ್ದು ನೆನಪಿಗೆ ಬರದೆ ಇರಲಿಲ್ಲ. ಆದರೆ ಹೆದರಿದವಳಿಗೆ ಹಗ್ಗವೂ ಹಾವೇ.

ಗಂಡನ ರಜೆಯ ದಿನ ಅವಳಿಗೆ ತಡೆಯಲಾಗಲಿಲ್ಲ. ಅವನು ಊಟಕ್ಕೆಂದು ಸುತ್ತು ಹಾಕಿಕೊಂಡು ಬರುತ್ತಿದ್ದಾಗ ಚಾಕು ತೆಗೆದುಕೊಂಡು ಕೂತು ಶೀಟನ್ನು ಅಡ್ಡಕ್ಕೆ ಸೀಳಿದಳು. ಕೆಳಗೆ ಸಿಮೆಂಟಿನ ಮುಚ್ಚಳ ಹಪ್ಪಳದಂತೆ ಒಡೆದು ಮೇಲೆದ್ದಿತ್ತು. ಚೂರು ಸರಿಸಿದರೆ ಬೆಚ್ಚಗಿನ ಹಬೆ. ಹಸಿ ಸಿಮೆಂಟಿನ ನೀರು ಕುಡಿದ ಜೋಳ ಉಬ್ಬಿ, ಕತ್ತಲಲ್ಲೇ ಮೊಳೆತು, ಬೆಳ್ಳನೆಯ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಒಳ್ಳಿನ ಬಾಯಿಂದ ಹೊರಗೆ ಬಂದಿದ್ದವು.

ಶ್ರೀಶೈಲಪ್ಪ ಅಲ್ಲೇ ಕೂತ. ಆ ಬಿಳಿ ಬೇರುಗಳ ಮೇಲೆ ಕೈಯಿಟ್ಟು ಮಾತಾಡಿದ.

"ಅವತ್ತ ನಾ ಡ್ಯೂಟಿ ಮುಗಿಸಿ ಬಂದಾಗ ಇಲ್ಲೇ ಕುಂತಿದ್ಳು. ತಲಿ ಬಗ್ಗಿಸಿದ್ಳು. ದಣಿದು ನಿದ್ದಿ ಹತ್ತೈತಿ, ಯಾಕ ಎಬ್ಬಸೂದು ಅಂತ ಸುತ್ತ ಹಾದು ಹ್ವಾದೆ. ನಾನೇ ಬಡಿಸ್ಕೊಂಡು ಉಂಡೆ. ಕೈ ತೊಳಕೊಂಡು ಮತ್ತ ಸುತ್ತ ಹಾದೇ ಹೊರಗ ಬಂದೆ. ಆಕಿ ಉಸಿರು ಹೋಗಿದ್ದು ನನಗ ಆಮ್ಯಾಲೆ ಗೊತ್ತಾತು."

ಇಷ್ಟು ದಿನ ಇವನು ಗುರವ್ವನಿಗೆ ದಾರಿ ಬಿಡುತ್ತಿದ್ದಾನೆ ಎಂದು ಸುವರ್ಣಾ ತಿಳಿದಿದ್ದಳು. ಅವನು ಗುರವ್ವನ ನಿದ್ದೆ ಕೆಡದಂತೆ ಇನ್ನೂ ನಡೆಯುತ್ತಲೇ ಇದ್ದ. ಸುವರ್ಣಾಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಗುರವ್ವನಿಗಾಗಿಯೂ ಮೊದಲ ಸಲ ಸಂಕಟವಾಯಿತು.

ಅಮೋಘಸಿದ್ಧ ಮತ್ತೆ ಬಂದು, ಬೆವರು ಒರೆಸಿದ ಕಥೆ ಕೇಳಿ ಹಣೆ ಚಚ್ಚಿಕೊಂಡು ನಕ್ಕ. ಒಳ್ಳಿನ ಬಾಯಿಯ ಸುತ್ತ ಶೀಟನ್ನು ದುಂಡಗೆ ಕತ್ತರಿಸಿ ಅಂಚು ಕೂಡಿಸಿ ಕೊಟ್ಟ. ಸುವರ್ಣಾ ಕಲ್ಲನ್ನು ತಿಕ್ಕಿ ತೊಳೆದು ಒಣಗಿಸಿದಳು.

ಖಾರ ಕುಟ್ಟುವ ದಿನ ಬಂತು. ಒಣಮೆಣಸಿನಕಾಯಿ ಹುರಿದು ತಂದು ಒಳ್ಳಿನ ಮುಂದೆ ನಿಂತಳು. ಕೂರುವ ಜಾಗ ಒಂದೇ, ಗುರವ್ವ ಕೂರುತ್ತಿದ್ದ ಜಾಗ. ಮೆಲ್ಲಗೆ ಹೇಳಿದಳು:

"ಸ್ವಲ್ಪ ಸರದ ಕುಂಡರಬೇ ಅಕ್ಕಾ. ನಾನೂ ಕುಂಡರ್ತೇನಿ."

ಕುಟ್ಟಿ ಕುಟ್ಟಿ ತೋಳು ಸೋತು, ಒನಕೆ ಮಡಿಲಿಗೆ ಒರಗಿಸಿ, ತಲೆ ಬಗ್ಗಿಸಿ ದಣಿವಾರಿಸಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಹೆಜ್ಜೆ ಒಳಗೆ ಬಂತು, ನಡುವೆ ನಿಂತಿತು. ಅವಳು ತಲೆ ಎತ್ತಲಿಲ್ಲ. ಹೆಜ್ಜೆ ಗೋಡೆಯ ಕಡೆ ಸರಿಯಲಿಲ್ಲ. ಓಡುತ್ತ ನೇರ ಬಂತು. ಅವನ ಎರಡೂ ಕೈ ಅವಳ ಭುಜ ಹಿಡಿದು ಗಡಗಡ ಅಲುಗಿಸಿದವು, ಏಳು, ಏಳು ಎಂದು ಅವನು ಅಳುತ್ತ ಕೂಗಿದ.

ಆ ಕೈ ಎಬ್ಬಿಸುತ್ತಿದ್ದದ್ದು ತನ್ನೊಬ್ಬಳನ್ನೇ ಅಲ್ಲ ಎಂದು ಸುವರ್ಣಾಳಿಗೆ ಗೊತ್ತಿತ್ತು. ಖಾರದ ಕೈಯಿಂದ ಅವನ ಕಣ್ಣು ಒರೆಸುವಂತಿರಲಿಲ್ಲ. ಅವನ ಕೈಗೆ ಕೆನ್ನೆ ಒತ್ತಿ ಹೇಳಿದಳು:

"ಇಬ್ರೂ ಎಚ್ಚರ ಅದೇವ್ರಿ."