ಪೆಮ್ಮಯ್ಯ ತುಂಬಿದ ಕಾಡತೂಸು

ನಾನು ಒಂದು ಕಾಡತೂಸು. ಕೋವಿಯ ನಳಿಗೆಯೊಳಗೆ ಕೂರುವ, ಹೆಬ್ಬೆರಳಿನ ಗಾತ್ರದ, ಕೆಂಪು ಮೈ ಮತ್ತು ಹಿತ್ತಾಳೆ ಬುಡದ ಕಾಡತೂಸು. ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಅಲ್ಲಿನ ಯಂತ್ರ ನನ್ನ ಬುಡಕ್ಕೆ ಕಾರ್ಖಾನೆಯ ಮುದ್ರೆ ಒತ್ತಿತು. ಮೈ ನೊಂದರೂ ಹೆಸರು ಸಿಕ್ಕಿತೆಂದು ಹೆಮ್ಮೆಪಟ್ಟೆ. ಆ ಮುದ್ರೆಯನ್ನೇ ತೋರಿಸಿ ಒಬ್ಬ ಹೆಂಗಸನ್ನು ಕೊಲೆಗಾರ್ತಿ ಎನ್ನುತ್ತಾರೆಂದು ಆಗ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ನನ್ನನ್ನು ಕೊಂಡವರು ಕೊಡಗಿನ ಪೆಮ್ಮಯ್ಯ. ಸೈನ್ಯದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವರು, ಊರಿಗೆ ಮರಳಿ ಮೆಣಸು ಬೆಳೆಯುತ್ತಿದ್ದರು. ಅವರ ಹೆಂಡತಿ ಬೊಳ್ಳಮ್ಮ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ಸುತ್ತಲ ಗಂಡಸರನ್ನೆಲ್ಲ ಸೋಲಿಸಿದ್ದರು. ನಾನು ಮೊದಲ ಸಲ ಸಿಡಿದದ್ದು ಅಂಥದೊಂದು ಪಂದ್ಯದಲ್ಲೇ. ಮರದ ಮೇಲಿನ ಕಾಯಿ ಚೂರುಚೂರಾಯಿತು, ಜನ ಕೇಕೆ ಹಾಕಿದರು, ನಾನು ಖಾಲಿಯಾಗಿ ಹುಲ್ಲಿನ ಮೇಲೆ ಬಿದ್ದೆ. ಅಲ್ಲಿಗೆ ನನ್ನ ಬದುಕು ಮುಗಿಯಬೇಕಿತ್ತು. ಪೆಮ್ಮಯ್ಯ ಬಗ್ಗಿ ನನ್ನನ್ನು ಎತ್ತಿ ಕಿಸೆಗೆ ಹಾಕಿಕೊಂಡರು.

ಆ ವರ್ಷ ಬೊಳ್ಳಮ್ಮ ಸ್ಕೂಟರಿನಿಂದ ಬಿದ್ದು ಹೆಗಲ ಮೂಳೆ ಮುರಿದುಕೊಂಡರು. ಮೂಳೆ ಕೂಡಿತು. ಆದರೆ ಗುಂಡು ಹಾರಿ ಕೋವಿ ಹೆಗಲಿಗೆ ಒದ್ದಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಇನ್ನು ಕೋವಿ ಮುಟ್ಟುವುದಿಲ್ಲ ಎಂದುಬಿಟ್ಟರು. ಪೆಮ್ಮಯ್ಯನವರಿಗೆ ಅದನ್ನು ನೋಡಲಾಗಲಿಲ್ಲ. ಮೆಣಸಿನ ಶೆಡ್ಡಿನಲ್ಲಿ ಕೂತು ನನ್ನಂಥ ಖಾಲಿ ಕಾಡತೂಸುಗಳನ್ನು ಮತ್ತೆ ತುಂಬತೊಡಗಿದರು. ಹೆಗಲಿಗೆ ಏಟು ಬೀಳದ ಹಾಗೆ ಸಿಡಿಮದ್ದು ಕಡಿಮೆ. ಸೀಸದ ಪುಟ್ಟ ಗುಂಡುಗಳಾದ ಚರೆಗಳನ್ನು ಒಟ್ಟಿಗೆ ಹಿಡಿದಿಡುವ ಪ್ಲಾಸ್ಟಿಕ್ ಬಟ್ಟಲಿನ ಬದಲು ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಕತ್ತರಿಸಿದ ಬಿಲ್ಲೆ.

"ಇದೆಲ್ಲ ನಾವು ಮಾಡ್ಬಹುದಾ?" ಎಂದು ಬೊಳ್ಳಮ್ಮ ಕೇಳಿದರು.

"ಕೊಡಗಿನವರು ಅಂತ ನಮಗೆ ಕೋವಿ ಇಟ್ಟುಕೊಳ್ಳೋಕೇ ಲೈಸೆನ್ಸ್ ಬೇಡ ಅಂತ ಸರ್ಕಾರ ಬಿಟ್ಟಿದೆ. ಕಾಡತೂಸನ್ನ ಯಾರು ಕೇಳ್ತಾರೆ?"

ಕೋವಿ ಇಟ್ಟುಕೊಳ್ಳುವುದು ಬೇರೆ, ಕಾಡತೂಸು ತಯಾರಿಸುವುದು ಬೇರೆ ಎಂದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಪಂದ್ಯ ಹತ್ತಿರ ಬಂದಿತ್ತು, ಬೊಳ್ಳಮ್ಮ ಮತ್ತೆ ಕೋವಿ ಹಿಡಿಯಲು ಒಪ್ಪಿದ್ದರು. ಒಂದು ಮಧ್ಯಾಹ್ನ ಬೊಳ್ಳಮ್ಮ ಅಭ್ಯಾಸಕ್ಕೆಂದು ನನ್ನನ್ನು ಕೋವಿಗೆ ಹಾಕಿ ಅಂಗಳದಲ್ಲಿ ನಿಂತರು. ಪೆಮ್ಮಯ್ಯ ಕಾಯಿ ತರಲು ಶೆಡ್ಡಿನ ಬಾಗಿಲು ತೆಗೆದರು. ಒಳಗೆ ಇಬ್ಬರು ಮೆಣಸನ್ನು ಚೀಲಕ್ಕೆ ತುಂಬುತ್ತಿದ್ದರು. ಒಬ್ಬ ಚೀಲ ಬಿಟ್ಟು ಓಡಿದ. ಇನ್ನೊಬ್ಬನ ಕೈಯಲ್ಲಿ ಕತ್ತಿಯಿತ್ತು. ಮೊದಲ ಏಟು ಪೆಮ್ಮಯ್ಯನವರ ತೋಳಿಗೆ ಬಿತ್ತು. ಅವರು ಅಂಗಳಕ್ಕೆ ಬಿದ್ದರು. ಅವನು ಮತ್ತೆ ಕತ್ತಿ ಎತ್ತಿದ.

"ಬೇಡ! ಬೇಡ ಬಿಡೋ!" ಎಂದು ಬೊಳ್ಳಮ್ಮ ಕೂಗಿದರು. ಕತ್ತಿ ಕೆಳಗಿಳಿಯಲಿಲ್ಲ. ಅವರು ಕೋವಿಯ ಕುದುರೆ ಎಳೆದರು.

ನಾನು ತೆಂಗಿನಕಾಯಿಯನ್ನು ಬಲ್ಲವನು. ಮನುಷ್ಯನ ಪಕ್ಕೆಯನ್ನು ಅರಿತವನಲ್ಲ. ಆ ಹುಡುಗ ಕತ್ತಿ ಬಿಟ್ಟು, ಪಕ್ಕೆ ಹಿಡಿದು, ಗೇಟಿನವರೆಗೂ ತೂರಾಡುತ್ತಾ ಹೋಗಿ ಅಲ್ಲಿ ಕುಸಿದ. "ಅಮ್ಮಾ" ಎಂದ. ಆಸ್ಪತ್ರೆ ಸೇರುವ ಮುನ್ನವೇ ಸತ್ತ. ಅವನ ಹೆಸರು ಲೋಹಿತ ಎಂದು ನನಗೆ ಗೊತ್ತಾದದ್ದು ಆಮೇಲೆ. ಬೊಳ್ಳಮ್ಮ ಕೋವಿಯನ್ನು ಕೆಳಗಿಡುವುದನ್ನೂ ಮರೆತು ನಿಂತೇ ಇದ್ದರು.

ಪೊಲೀಸರು ನನ್ನ ಬುಡದ ಮುದ್ರೆ ಓದಿದರು. ಕಪಾಟಿನಲ್ಲಿದ್ದ ಅಂಗಡಿಯ ಪೆಟ್ಟಿಗೆಯ ಮೇಲೂ ಅದೇ ಹೆಸರಿತ್ತು. ಅದನ್ನೂ ನನ್ನನ್ನೂ ಒಟ್ಟಿಗೆ ಕಟ್ಟಿದರು. ಪ್ರಯೋಗಾಲಯದವರು ಆ ಪೆಟ್ಟಿಗೆಯ ಕಾಡತೂಸುಗಳನ್ನು ಬಟ್ಟೆಯ ಮೇಲೆ ಹಾರಿಸಿ, ಸೀಸದ ಚರೆಗಳು ಎಷ್ಟು ದೂರದಲ್ಲಿ ಎಷ್ಟು ಹರಡುತ್ತವೆಂದು ಅಳೆದರು. ಲೋಹಿತನ ಮೈಮೇಲಿದ್ದ ಗಾಯಗಳು ತೀರ ಹರಡಿದ್ದವು. ಹಾಗಾದರೆ ಗುಂಡು ತಗುಲಿದಾಗ ಅವನು ಶೆಡ್ಡಿನ ಬಳಿ ಇರಲಿಲ್ಲ, ದೂರದ ಗೇಟಿನ ಹತ್ತಿರ ಇದ್ದ ಎಂದು ಬರೆದರು. ಹೆಣ ಬಿದ್ದದ್ದೂ ಅಲ್ಲೇ ತಾನೆ? ಬೊಳ್ಳಮ್ಮ ಓಡಿಹೋಗುತ್ತಿದ್ದವನಿಗೆ ಗುಂಡು ಹೊಡೆದ ಕೊಲೆಗಾರ್ತಿಯಾದರು.

ನಾನು ದಂಗಾದೆ. ಪ್ಲಾಸ್ಟಿಕ್ ಬಟ್ಟಲಿಲ್ಲದ್ದರಿಂದ ನನ್ನ ಚರೆಗಳು ಕೋವಿಯ ಬಾಯಿ ದಾಟಿದ ಕೂಡಲೇ ಹರಡಿದ್ದವು. ಅದನ್ನು ಹೇಳಲು ನನಗೆ ನಾಲಿಗೆಯಿಲ್ಲ. ನನ್ನ ಬುಡದ ಮುದ್ರೆ ಮಾತ್ರ ಎಲ್ಲರಿಗೂ ಸುಳ್ಳನ್ನೇ ಹೇಳುತ್ತಿತ್ತು.

ಕೋರ್ಟಿನ ಜಗಲಿಯಲ್ಲಿ ವಕೀಲ ಹಮೀದರು ಪೆಮ್ಮಯ್ಯನವರನ್ನು ಪಕ್ಕಕ್ಕೆ ಕರೆದರು. ನಾನು ಪೇದೆಯ ಕೈಯಲ್ಲಿನ ಲಕೋಟೆಯಲ್ಲಿದ್ದೆ.

"ನೀವೇ ತುಂಬಿದ್ದು ಅಂತ ಹೇಳಿದ್ರೆ ಬೊಳ್ಳಮ್ಮನವರು ಉಳೀತಾರೆ. ಆದರೆ ಲೈಸೆನ್ಸಿಲ್ಲದೆ ಕಾಡತೂಸು ತಯಾರಿಸಿದ್ದಕ್ಕೆ ನೀವು ಒಳಗೆ ಹೋಗ್ತೀರಿ. ಏಳು ವರ್ಷಕ್ಕೆ ಕಮ್ಮಿ ಇಲ್ಲ."

"ಏಳು ವರ್ಷಾನಾ? ಇಷ್ಟಕ್ಕೆ?" ಎಂದರು ಪೆಮ್ಮಯ್ಯ. "ನಾನು ಅವಳ ಹೆಗಲು ನೋಯಬಾರದು ಅಂತ ಮಾಡಿದ್ದು."

"ಕಾಯ್ದೆಯಲ್ಲಿ ಹೆಗಲಿನ ಮಾತು ಬರೋದಿಲ್ಲ, ಪೆಮ್ಮಯ್ಯನವರೇ."

ಆ ಮಧ್ಯಾಹ್ನವೇ ಪೆಮ್ಮಯ್ಯ ಸಾಕ್ಷಿಕಟ್ಟೆ ಹತ್ತಿದರು. "ಸ್ವಾಮಿ, ಅದು ಅಂಗಡಿಯ ಕಾಡತೂಸಲ್ಲ. ನಾನೇ ತುಂಬಿದ್ದು. ಉಳಿದವು ಶೆಡ್ಡಿನ ಡಬ್ಬದಲ್ಲಿವೆ."

ಆರೋಪಿಯ ಜಾಗದಿಂದ ಬೊಳ್ಳಮ್ಮ ಎದ್ದುಬಿಟ್ಟರು. "ಸುಳ್ಳು ಸ್ವಾಮಿ! ನನ್ನ ಬಿಡಿಸೋಕೆ ಹೇಳ್ತಿದ್ದಾರೆ. ಅದು ಅಂಗಡಿದೇ. ನಾನೇ ಹಾಕಿದ್ದು, ನಂಗೊತ್ತಿಲ್ವಾ?"

ತನ್ನನ್ನು ಉಳಿಸುವ ಮಾತನ್ನು ಆರೋಪಿಯೇ ಸುಳ್ಳೆನ್ನುತ್ತಿದ್ದರು. ಸರ್ಕಾರಿ ವಕೀಲರು ಜಿಗಿದೆದ್ದರು. ಗಂಡ ಹೆಂಡತಿಯ ಪರ ಹೇಳುವುದನ್ನು, ಅದೂ ತಾನೇ ಮಾಡಿದ್ದೆನ್ನುವ ಕಾಡತೂಸಿನ ಬಗ್ಗೆ, ಹೇಗೆ ನಂಬುವುದು? ಇನ್ನೊಂದು ಮಾತನ್ನೂ ಸೇರಿಸಿದರು: "ಮನೆಯಲ್ಲೇ ಕೂತು ತಯಾರಿಸಿದ್ದಾರೆಂದರೆ ಕೊಲ್ಲುವುದಕ್ಕೇ ತಯಾರಿಸಿದ್ದಾರೆ." ಹಗುರವಾದ ಏಟಿಗೆಂದು ತುಂಬಿದ ನನ್ನ ಬಗ್ಗೆ ಇಂಥ ಮಾತು!

ನ್ಯಾಯಾಧೀಶರು ಹೆಣ ಕೊಯ್ದ ವೈದ್ಯೆಯನ್ನು ಮತ್ತೆ ಕರೆಸಿದರು. ಗಾಯದಲ್ಲಿ ಸಿಕ್ಕಿದ್ದನ್ನೆಲ್ಲ ಆಕೆ ಸೀಸೆಯಲ್ಲಿಟ್ಟಿದ್ದರು. ಅದರಲ್ಲೊಂದು ದುಂಡನೆಯ ರಟ್ಟಿನ ಬಿಲ್ಲೆಯಿತ್ತು. ಬಟ್ಟೆಯ ಗುಂಡಿ ಇರಬಹುದೆಂದು ಯಾರೂ ಗಮನಿಸಿರಲಿಲ್ಲ. ಒರೆಸಿ ನೋಡಿದರೆ ಕ್ಯಾಲೆಂಡರಿನ ಅಂಕಿಯೊಂದರ ಅರ್ಧ ಕಾಣಿಸಿತು. ಶೆಡ್ಡಿನ ಡಬ್ಬ ತರಿಸಿದರು. ಅದರಲ್ಲಿದ್ದ ಕಾಡತೂಸುಗಳಲ್ಲೂ ಅದೇ ರಟ್ಟಿನ ಬಿಲ್ಲೆಗಳು. ಅವನ್ನು ಹಾರಿಸಿ ಅಳೆದಾಗ, ಬೊಳ್ಳಮ್ಮ ಹೇಳಿದಂತೆಯೇ ಲೋಹಿತನಿಗೆ ಗುಂಡು ತಗುಲಿದ್ದು ಗೇಟಿನ ಬಳಿಯಲ್ಲ, ಅಂಗಳದಲ್ಲೇ ಎಂದು ಗೊತ್ತಾಯಿತು. ಗಂಡನ ಪ್ರಾಣ ಉಳಿಸಲು ಹೊಡೆದರು, ಅದು ಅವರ ಹಕ್ಕು ಎಂದು ತೀರ್ಪಾಯಿತು.

ಬೊಳ್ಳಮ್ಮ ಹೊರಗೆ ಬಂದಾಗ ಪೊಲೀಸರು ಪೆಮ್ಮಯ್ಯನವರ ಪಕ್ಕ ನಿಂತಿದ್ದರು.

"ನಾನು ನಿಮ್ಮ ಪ್ರಾಣ ಉಳಿಸಿದ್ದು ಇದಕ್ಕಾ?" ಎಂದು ಬೊಳ್ಳಮ್ಮ ಅತ್ತರು.

"ನೀನು ಮನೆಗೆ ಹೋಗು. ಬಿಸಿನೀರಿನ ಶಾಖ ಕೊಡು ಹೆಗಲಿಗೆ" ಎಂದು ಅವರು ಜೀಪು ಹತ್ತಿದರು.

ಎರಡನೆಯ ಮೊಕದ್ದಮೆಯಲ್ಲೂ ನಾನೇ ಮುಖ್ಯ ವಸ್ತು. ಒಬ್ಬರನ್ನು ಬಿಡಿಸಿದ ಸತ್ಯವೇ ಇನ್ನೊಬ್ಬರನ್ನು ಕಟ್ಟಿಹಾಕಿತು. ವಾದ ಬೆಳೆಯಲಿಲ್ಲ, ಪೆಮ್ಮಯ್ಯ ಎಲ್ಲ ಒಪ್ಪಿಕೊಂಡಿದ್ದರು. ಏಳು ವರ್ಷವೆಂದು ನ್ಯಾಯಾಧೀಶರು ಓದಿದಾಗ ಬೊಳ್ಳಮ್ಮ ಹಿಂದಿನ ಬೆಂಚಿನಲ್ಲಿದ್ದರು. ಪಕ್ಕದಲ್ಲಿ ಲೋಹಿತನ ತಾಯಿ ಇದ್ದಳು. ಎರಡು ಮೊಕದ್ದಮೆಗೂ ತಪ್ಪದೆ ಬಂದು ಸುಮ್ಮನೆ ಕೂರುತ್ತಿದ್ದ ಹೆಂಗಸು. ಆಕೆ ಬೈಯಲಿಲ್ಲ. ತನ್ನ ನೀರಿನ ಬಾಟಲಿಯನ್ನು ಬೊಳ್ಳಮ್ಮನತ್ತ ಸರಿಸಿದಳು.

"ಕುಡೀರಿ. ನಿಮ್ಮೋರು ಏಳು ವರ್ಷಕ್ಕಾದ್ರೂ ಬರ್ತಾರೆ."

ಬೊಳ್ಳಮ್ಮ ಬಾಟಲಿ ಹಿಡಿದು ಕೂತರು. ಕುಡಿಯಲೂ ಆಗಲಿಲ್ಲ, ಹಿಂದಿರುಗಿಸಲೂ ಆಗಲಿಲ್ಲ.

ಈಗ ನಾನು ಕೋರ್ಟಿನ ಉಗ್ರಾಣದಲ್ಲಿದ್ದೇನೆ. ಅರಗಿನ ಮುದ್ರೆ ಬಿದ್ದ ಲಕೋಟೆ, ಮೇಲೆ ಧೂಳು. ನನ್ನ ಹಿತ್ತಾಳೆ ಕಪ್ಪಾಗುತ್ತಿದೆ. ಪಕ್ಕದಲ್ಲಿ ಲೋಹಿತನ ಕತ್ತಿಯೂ ಇದೆ, ಅದಕ್ಕೂ ತುಕ್ಕು. ನನ್ನನ್ನು ತುಂಬಿದ ಕೈಯಲ್ಲಿ ಕೇಡಿರಲಿಲ್ಲ, ಹಾರಿಸಿದ ಕೈಯಲ್ಲೂ ಇರಲಿಲ್ಲ. ಆದರೂ ಒಬ್ಬ ಸತ್ತ, ಒಬ್ಬರು ಸೆರೆಯಲ್ಲಿದ್ದಾರೆ. ಇದು ಹೇಗಾಯಿತೆಂದು ಯೋಚಿಸುತ್ತಲೇ ಇದ್ದೇನೆ. ಇಂದಿಗೂ ನನಗೆ ನಂಬಲಾಗಿಲ್ಲ.